ಕನ್ನಡಿ ಬೆವರುತ್ತಿದೆ

ಬಾತ್‌ರೂಮ್ ಹೊಸದು ಮಾಡಿಸಿದ ಮೇಲೆ ಅಲ್ಲಿನ ಕನ್ನಡಿಯಲ್ಲಿ ನನ್ನ ಮುಖ ಸರಿಯಾಗಿ ಕಂಡೇ ಇಲ್ಲ. ಸ್ನಾನ ಮುಗಿಯುವಷ್ಟರಲ್ಲಿ ಗಾಜಿನ ತುಂಬ ಮಂಜು.

ಇವತ್ತು ಸುಮ್ನೆ ನಿಂತು ನೋಡಿದೆ. ಸೀಲಿಂಗಿನ ಮೂಲೆಯಲ್ಲಿ ಒಂದು ಹನಿ. ಪಕ್ಕದ ಹನಿಯನ್ನು ನುಂಗಿತು, ದಪ್ಪಗಾಯಿತು, ಟಪ್ ಅಂತ ನನ್ನ ಹೆಗಲ ಮೇಲೆ. ತಣ್ಣಗೆ!

ಮೊದಲು ಈ ಕಾಟ ಇರಲಿಲ್ಲ. ಹಳೆ ಕಿಟಕಿ ಸರಿಯಾಗಿ ಮುಚ್ಚುತ್ತಲೇ ಇರಲಿಲ್ಲ, ಹಬೆ ಆ ಸಂದಿಯಲ್ಲೇ ಹೊರಗೆ ಹೋಗುತ್ತಿತ್ತು. ಅದನ್ನೇ ಬೈದು ಬೈದು ಬದಲಾಯಿಸಿದ್ದು ನಾನೇ. ಈಗ ಎಲ್ಲ ಬಿಗಿ. ದಾರಿ ಸಿಗದ ಹಬೆ ತಣ್ಣನೆಯ ಟೈಲ್ಸ್ ಮೇಲೆ ನೀರಾಗಿ ಕೂರುತ್ತದೆ.

ಎಕ್ಸಾಸ್ಟ್ ಫ್ಯಾನ್ ಇದೆ. ದೀಪದ ಜೊತೆ ಅದನ್ನೂ ಆರಿಸಿ ಬರುತ್ತಿದ್ದೆ, ಕರೆಂಟು ಉಳಿಸುವ ಜಾಣ ಅಲ್ವಾ! ಇವತ್ತು ಸ್ನಾನ ಆದ ಮೇಲೂ 20 ನಿಮಿಷ ಓಡಲಿ ಅಂತ ಬಿಟ್ಟೆ.

ಹೋಗಿ ನೋಡಿದರೆ ಕನ್ನಡಿಯಲ್ಲಿ ಮೂಗಿನ ತನಕ ಕಾಣಿಸುತ್ತಿದ್ದೇನೆ.