ಸುರಂಗದೊಳಗೆ ಸಿಗ್ನಲ್

ಬೆಳಗಾವಿಯಿಂದ ಗೋವಾ ರೈಲು ಹತ್ತಿದರೆ, ಕ್ಯಾಸಲ್‌ರಾಕ್ ದಾಟಿದ ಮೇಲೆ ಒಂದರ ಹಿಂದೆ ಒಂದು ಸುರಂಗ. ಒಳಗೆ ರೇಡಿಯೋ ಸಿಗ್ನಲ್ ಎಷ್ಟು ದೂರ ಹೋದೀತು ಅಂತ ನೋಡಲು, ಟಿಳಕವಾಡಿಯ ಮನೆಯಲ್ಲಿ ಕೂತು ಅಂಥದ್ದೊಂದನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಿದ್ದೇನೆ: 5 ಮೀಟರ್ ಅಗಲ, ಅಷ್ಟೇ ಎತ್ತರ, ನೇರ ದಾರಿ, ಕಲ್ಲಿನ ಗೋಡೆ. ಅಳತೆ ನನ್ನದು, ರೈಲ್ವೆಯದ್ದಲ್ಲ.

ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಜ್ ಅಲೆ ಸುಮಾರು 392 ಮೀಟರ್ ಉದ್ದ. ಈ ಸಣ್ಣ ಬಾಯೊಳಗೆ ಅದು ಹೇಗೆ ತೂರೀತು? ಇಷ್ಟು ಅಗಲಕ್ಕೆ ಸುಮಾರು 30 ಮೆಗಾಹರ್ಟ್ಜ್‌ಗಿಂತ ಕೆಳಗಿನದ್ದು ಸ್ವಲ್ಪ ದೂರದಲ್ಲೇ ಸಾಯುತ್ತದೆ. ಎಫ್‌ಎಂ ಅದಕ್ಕಿಂತ ಮೇಲಿನದ್ದು, ಒಳಗೆ ಬರುತ್ತದೆ, ಆದರೆ ಗೋಡೆಗಳೇ ಅದನ್ನು ಕುಡಿದುಬಿಡುತ್ತವೆ.

ಮಜಾ ಇರೋದು ಮುಂದೆ. ಬಯಲಲ್ಲಿ ಫ್ರೀಕ್ವೆನ್ಸಿ ಜಾಸ್ತಿ ಆದಷ್ಟೂ ಸಿಗ್ನಲ್ ಬೇಗ ಸೋಲುತ್ತದೆ ಅಂತ ನಮ್ಮ ಅಂದಾಜು, ಅಲ್ವಾ? ನೇರ ಸುರಂಗದಲ್ಲಿ ಉಲ್ಟಾ. ಎಮ್ಸ್ಲಿ ಎಂಬ ಸಂಶೋಧಕ ಮತ್ತು ಜೊತೆಗಾರರು 1975ರಲ್ಲಿ ಕಲ್ಲಿದ್ದಲು ಗಣಿಗಳಿಗಾಗಿ ಬರೆದ ಸೂತ್ರದಲ್ಲಿ, ಫ್ರೀಕ್ವೆನ್ಸಿ ಎರಡು ಪಟ್ಟಾದರೆ ಗೋಡೆ ನುಂಗುವ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ನನ್ನ ಸುರಂಗದಲ್ಲಿ 900 ಮೆಗಾಹರ್ಟ್ಜ್‌ಗೆ ನಷ್ಟ ನೂರು ಮೀಟರಿಗೆ ಒಂದು ಡೆಸಿಬೆಲ್ (ಸಿಗ್ನಲ್ ಎಷ್ಟು ಕುಗ್ಗಿತು ಅನ್ನುವ ಅಳತೆ) ಚಿಲ್ಲರೆ ಮಾತ್ರ. ಅಗಲ, ಎತ್ತರ ಎರಡೂ ದುಪ್ಪಟ್ಟಾದರೆ ಆ ನಷ್ಟ ಎಂಟನೇ ಒಂದು ಪಾಲು!

ಗೋಡೆ ಒರಟಾದರೆ, ದಾರಿ ತಿರುಗಿದರೆ ಲೆಕ್ಕ ಕೆಡುತ್ತದೆ. ಘಟ್ಟದಲ್ಲಿ ತಿರುವಿಗೇನು ಬರ! ಅದಕ್ಕೇ ಉದ್ದ ಸುರಂಗಗಳಲ್ಲಿ ಉದ್ದಕ್ಕೂ ಸಿಗ್ನಲ್ ಸೋರುವ ಕೇಬಲ್ ಎಳೆಯುತ್ತಾರೆ. ನನ್ನ ಮಾಡೆಲ್‌ಗೆ ಮುಂದಿನ ಕೆಲಸ, ಒಳಗೆ ರೈಲನ್ನೇ ನಿಲ್ಲಿಸಿ ನೋಡುವುದು.