ಟ್ಯೂಬಿಂಗನ್‌ನಲ್ಲಿ ಮೊದಲ ಭಾನುವಾರ

ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ ಎಂದು ಹೇಳಿದ್ದರು, ಮರೆತೇಬಿಟ್ಟಿದ್ದೆ. ಬೆಳಿಗ್ಗೆ ಕೋಣೆಯಲ್ಲಿ ಹಾಲಿಲ್ಲ, ಮೊಸರಿಲ್ಲ. ಅಮ್ಮ ಕೊಟ್ಟ ಚಟ್ನಿಪುಡಿಯ ಡಬ್ಬಿ ತೆಗೆದೆ. ಮುಚ್ಚಳಕ್ಕೆ ಮೂರು ಸುತ್ತು ಟೇಪು; ತುದಿಯನ್ನು ನನಗೆ ಸುಲಭವಾಗಲೆಂದು ಚೂರು ಮಡಚಿಟ್ಟಿದ್ದಾಳೆ. ಬಿಡಿಸುತ್ತಿದ್ದಂತೆ ಕರಿಬೇವಿನ ಘಮ ಕೋಣೆಯ ತುಂಬ ಹರಡಿತು. ಬಿಸಿ ಅನ್ನಕ್ಕೆ ಕಲಸಿಕೊಂಡು ತಿನ್ನುವಾಗ ಕಣ್ಣು ತುಂಬಿತು, ಖಾರಕ್ಕಲ್ಲ.

ಮಧ್ಯಾಹ್ನ ನೆಕ್ಕರ್ ನದಿಯ ಸೇತುವೆಯ ಮೇಲೆ ಬಹಳ ಹೊತ್ತು ನಿಂತಿದ್ದೆ. ಕೆಳಗೆ ಉದ್ದನೆಯ ಗಳ ಊರಿ ದೋಣಿ ನಡೆಸುತ್ತಿದ್ದರು. ನಮ್ಮ ಕಿಟ್ಟೆಲ್ 1903ರಲ್ಲಿ ಕಣ್ಣುಮುಚ್ಚಿದ್ದು ಇದೇ ಊರಿನಲ್ಲಿ. (ನಮ್ಮ ಎಂದೇ ಬರೆಯುತ್ತೇನೆ.) 1853ರಲ್ಲಿ ಭಾರತಕ್ಕೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ, ಹೆಚ್ಚುಕಡಿಮೆ ನನ್ನದೇ ವಯಸ್ಸು. ಮನೆಗೆ ಬರೆದ ಪತ್ರ ತಲುಪಲು ವಾರಗಳೇ ಹಿಡಿಯುತ್ತಿದ್ದ ಕಾಲ. 1894ರಲ್ಲಿ ಅಚ್ಚಾದ ಆ ಬೃಹತ್ ನಿಘಂಟಿಗೆ ಮೊದಲು, ಅವರ ಕಿವಿಗೆ ಬಿದ್ದ ಮೊದಲ ಕನ್ನಡ ಪದ ಯಾವುದಿರಬಹುದು? ನೀರು? ಅನ್ನ? ಬನ್ನಿ?

ನಾಳೆ ವಿಳಾಸ ನೋಂದಣಿಗೆ ಹೋಗಬೇಕು, ಎರಡು ವಾರದ ಗಡುವು. ಅದಾದ ಮೇಲೆ ಕಿಟ್ಟೆಲ್ ಅವರ ಸಮಾಧಿಯನ್ನು ಹುಡುಕಿಕೊಂಡು ಹೋಗುತ್ತೇನೆ.