ಅಪ್ಪಂದಿರಿಗೂ ಒಂದು ಮಾತಿದೆ

ನಮ್ಮ ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆಗಳಲ್ಲಿ ಸಂಜೆ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಮುಗಿದ ಮೇಲೆ ಮಕ್ಕಳು ಹಿರಿಯರ ಹತ್ತಿರ ಬಂದು ಬೆಸಾಂವ್, ಅಂದರೆ ಆಶೀರ್ವಾದ, ಕೇಳುವುದು ಹಳೇ ರೂಢಿ. ಜಪಮಾಲೆಯ 53 ‘ನಮೋ ಮರಿಯಾ’ ಪ್ರಾರ್ಥನೆ ಮುಗಿಯುವಷ್ಟರಲ್ಲಿ ನಮ್ಮ ಚಿಕ್ಕವನು ಅರ್ಧ ನಿದ್ದೆಯಲ್ಲಿರುತ್ತಾನೆ. ಆದ್ರೂ ಕೈ ಜೋಡಿಸಿಕೊಂಡು, ಅಜ್ಜಿಯಿಂದ ಶುರು ಮಾಡಿ ಸಾಲಾಗಿ ಬರುತ್ತಾನೆ. ಅವನ ಹಣೆಯ ಮೇಲೆ ಶಿಲುಬೆ ಗುರುತು ಹಾಕುವಾಗ ಸಿಟ್ಟು ಇಟ್ಟುಕೊಳ್ಳಲು ಆಗುವುದೇ ಇಲ್ಲ. ಹೋಮ್‌ವರ್ಕ್ ಜಗಳ ಏನಿದ್ದರೂ ಅಲ್ಲಿಗೇ ಮುಗೀತು.

ಬೈಬಲಿನಲ್ಲಿ ಸಂತ ಪೌಲರು ಎಫೆಸ ಊರಿನ ಕ್ರೈಸ್ತರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ, ತಂದೆತಾಯಿಯ ಮಾತು ಕೇಳಿ ಎಂದು ಮಕ್ಕಳಿಗೆ ಹೇಳಿದ ಬೆನ್ನಿಗೇ ಅಪ್ಪಂದಿರಿಗೂ ಹೇಳುತ್ತಾರೆ: ಮಕ್ಕಳನ್ನು ಕೆರಳಿಸಬೇಡಿ. ಮೊದಲನೆಯದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಎರಡನೆಯದು ಸುಮ್ನೆ ಜಾರಿಹೋಗುತ್ತದೆ, ಅಲ್ವಾ?

ಯೇಸುವಿನ ಸಾಕುತಂದೆ ಸಂತ ಜೋಸೆಫರನ್ನೇ ನೋಡಿ. 2020ರ ಡಿಸೆಂಬರ್ 8ರಿಂದ ಇಡೀ ಒಂದು ವರ್ಷವನ್ನು ಪೋಪ್ ಫ್ರಾನ್ಸಿಸ್ ಈ ಜೋಸೆಫರ ಹೆಸರಿಗೇ ಮೀಸಲಿಟ್ಟಿದ್ದರು. ಆದರೆ ಯೇಸುವಿನ ಕಥೆ ಹೇಳುವ ನಾಲ್ಕೂ ಸುವಾರ್ತೆಗಳಲ್ಲಿ ಜೋಸೆಫರು ಆಡಿದ ಒಂದು ಮಾತೂ ಇಲ್ಲ. ಕನಸಿನಲ್ಲಿ ಅಪ್ಪಣೆಯಾಯಿತು, ಎದ್ದರು, ಮಗುವನ್ನೂ ತಾಯಿಯನ್ನೂ ಕರೆದುಕೊಂಡು ರಾತ್ರಿಯೇ ಈಜಿಪ್ಟಿಗೆ ಹೊರಟರು. ಉಪದೇಶ ಜಾಸ್ತಿ ಕೊಡುವ ಅಪ್ಪಂದಿರು (ನಮ್ಮ ವಾಳೆಯಲ್ಲೇ, ಅಂದರೆ ಚರ್ಚಿನ ನಮ್ಮ ವಾರ್ಡಿನಲ್ಲೇ, ಬೇಕಾದಷ್ಟಿದ್ದಾರೆ) ಇದನ್ನು ಯಾಕೋ ಗಮನಿಸುವುದಿಲ್ಲ.

ಉಳಿದಿದ್ದು ಸಣ್ಣಪುಟ್ಟದ್ದೇ. ಊಟಕ್ಕೆ ಮುಂಚೆ ಒಂದು ಪ್ರಾರ್ಥನೆ, ಭಾನುವಾರ ಎಲ್ಲರೂ ಒಟ್ಟಿಗೆ ಪೂಜೆಗೆ. ಪ್ರಾರ್ಥನೆ ಹೊತ್ತಿಗೆ ಮೊಬೈಲ್ ಬೇರೆ ಕೋಣೆಯಲ್ಲಿರಬೇಕು ಅಂತ ರೂಲ್ ಮಾಡಿದ್ದು ನಾನೇ. ಈಗ ಮಗಳು ಮೊದಲು ನನ್ನದನ್ನೇ ಕಿತ್ತುಕೊಂಡು ಹೋಗುತ್ತಾಳೆ.